ಆದನೂರಿನಿಂದ ಅಳಿವೆಯವರೆಗೆ

ಬೆಂಗಳೂರಿನ ರೈಲಿನಿಂದ ಸೆಂಟ್ರಲ್ ನಿಲ್ದಾಣದಲ್ಲಿಳಿದು, ರಸ್ತೆ ದಾಟಿ, ಎದುರಿನ ಪಾರ್ಕ್ ನಿಲ್ದಾಣದಲ್ಲಿ ಲೋಕಲ್ ಹತ್ತಿ, ಸುಮಾರು ಒಂದು ಗಂಟೆ ಕಾಲ ಜನರ ಮೊಣಕೈಗಳ ನಡುವೆ ನಿಂತರೆ ಸಿಕ್ಕುವ ಊರು ತಾಂಬರಂ. ೧೯೩೧ರಲ್ಲಿಯೇ ವಿದ್ಯುತ್ ರೈಲನ್ನು ಕಂಡ ಹೆಮ್ಮೆ ಈ ಊರಿಗುಂಟು. ೨೦೧೪ರಲ್ಲಿ ನಮಗೆ ಇಲ್ಲಿಗೆ ವರ್ಗವಾದಾಗ ತೀರ್ಥಹಳ್ಳಿಯ ಬಂಧುಗಳೆಲ್ಲ, "ನಿಮ್ಮದೇ ಪುಣ್ಯ, ದಿನಾ ಸಂಜೆ ಸಮುದ್ರದ ದಂಡೆಯಲ್ಲಿ ವಾಯುಸೇವನೆ ಮಾಡಬಹುದು" ಎಂದು ಹರಸಿ ಕಳುಹಿಸಿದರು. ಸಮುದ್ರ ಇಲ್ಲಿಂದ ಎಷ್ಟು ದೂರವೆಂದು ಅವರಿಗೇನು ಗೊತ್ತು! ಊರಿನಿಂದ ನೆಂಟರು ಬಂದಾಗ, ಅವರ ನೆಪದಲ್ಲಿ, ವರ್ಷಕ್ಕೆ ಒಂದೆರಡು ಬಾರಿ ನಾವು ಸಮುದ್ರ ನೋಡುವುದು. ಉಳಿದ ದಿನಗಳಲ್ಲಿ ತಾಂಬರಕ್ಕೂ ಸಮುದ್ರಕ್ಕೂ ಏನೂ ಸಂಬಂಧವಿಲ್ಲವೆಂದೇ ನಂಬಿಕೊಂಡಿದ್ದೆವು. ಆ ನಂಬಿಕೆಯನ್ನು ಕೆಡಿಸಿದವಳು ಆರನೆಯ ತರಗತಿಯಲ್ಲಿ ಓದುವ ನಮ್ಮ ಮಗಳು ಪುಟ್ಟಿ.

ಕಳೆದ ಮಾರ್ಚಿ ತಿಂಗಳಿನ ಒಂದು ಶುಕ್ರವಾರ. ಸಂಜೆ ಕಚೇರಿಯಿಂದ ಬಂದು ಕಾಫಿಯ ಲೋಟವನ್ನು ಕೈಗೆತ್ತಿಕೊಂಡಿದ್ದೆವು. ಪುಟ್ಟಿ ನೆಲದ ಮೇಲೆ ದೊಡ್ಡದೊಂದು ಹಾಳೆಯನ್ನು ಹರಡಿಕೊಂಡು ಕುಳಿತಿದ್ದಳು.

"ಅಪ್ಪ, ನಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತೆ?"

"ಚರಂಡಿಗೆ."

"ಚರಂಡಿಯಿಂದ?"

"ದೊಡ್ಡ ಕಾಲುವೆಗೆ."

"ಪಾಯಖಾನೆಯದು?"

"ಹಿಂದಿನ ತೊಟ್ಟಿಗೆ. ನಮ್ಮ ಬೀದಿಗೆ ಒಳಚರಂಡಿ ಇಲ್ಲವಲ್ಲ."

"ತೊಟ್ಟಿ ತುಂಬಿದರೆ?"

"ಲಾರಿ ಬಂದು ಹೀರಿಕೊಂಡು ಹೋಗುತ್ತೆ."

"ಲಾರಿ ಎಲ್ಲಿಗೆ ಹೋಗುತ್ತೆ?"

"ಗೊತ್ತಿಲ್ಲ" ಎಂದೆವು. ಮಗು ಹಾಳೆಯ ಮೇಲೆ ಲಾರಿಯ ಚಿತ್ರ ಬರೆದು, ಅದರ ಮುಂದೆ ಒಂದು ಬಾಣ ಹಾಕಿ, ಬಾಣದ ತುದಿಯಲ್ಲಿ 'ಗೊತ್ತಿಲ್ಲ' ಎಂದು ದುಂಡಗೆ ಬರೆದಳು.

ಆದರೆ ನಮಗೆ ಗೊತ್ತಿತ್ತು. ಎರಡು ವರ್ಷಗಳ ಹಿಂದೆ, ಬೆಳಗಿನ ಐದೂವರೆಯ ಹೊತ್ತಿಗೆ, ಹಾಲು ತರಲು ಹೋಗಿದ್ದೆವು. ಹಿಂದಿನ ರಾತ್ರಿ ನಮ್ಮ ಮನೆಯ ತೊಟ್ಟಿಯನ್ನು ಬರಿದು ಮಾಡಿದ್ದ ಲಾರಿಯೇ ಮಳೆನೀರಿನ ಕಾಲುವೆಯ ಬಾಯಿಗೆ ಕೊಳವೆಯಿಟ್ಟು ನಿಂತಿತ್ತು. ನಾವು ನೋಡಿದೆವು. ಲಾರಿಯ ಆಳು ನಮ್ಮನ್ನು ನೋಡಿದ. ನಾವು ಹಾಲಿನ ಪೊಟ್ಟಣವನ್ನು ಹಿಡಿದುಕೊಂಡು ಬೇರೊಂದು ಬೀದಿಯಿಂದ ಮನೆಗೆ ಬಂದೆವು. ಮನೆಯಾಕೆಗೂ ಹೇಳಲಿಲ್ಲ. ಆ ಲಾರಿಯವನು ಬೇರೆಯವರಿಗಿಂತ ಅಗ್ಗದಲ್ಲಿ ಕೆಲಸ ಮಾಡಿಕೊಟ್ಟಿದ್ದ, ಅಷ್ಟೆ.

ನಾವು ಸರಕಾರಿ ಕಚೇರಿಯ ಗುಮಾಸ್ತರು. 'ವಿಲೇವಾರಿ' ಎಂಬ ಮಾತಿನ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕಡತ ವಿಲೇವಾರಿಯಾಯಿತೆಂದರೆ ಅನೇಕ ವೇಳೆ ಅದು ನಮ್ಮ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಯಿತೆಂದು ಮಾತ್ರ ಅರ್ಥ. ಕಸಕ್ಕೂ ಕೊಳಚೆಗೂ ನಮ್ಮ ಭಾಷೆಯಲ್ಲಿ ಅದೇ ಮಾತನ್ನು ಬಳಸುತ್ತೇವೆ. ಅದು ಎಷ್ಟು ಸರಿಯಾದ ಬಳಕೆಯೆಂಬುದು ಮಾರನೆಯ ದಿನ ತಿಳಿಯಿತು.

ಮಾರನೆಯ ದಿನ ಎರಡನೆಯ ಶನಿವಾರ. ಪುಟ್ಟಿಯ ಶಾಲೆಯ ವಿಜ್ಞಾನ ಸಂಘದ ಮಕ್ಕಳನ್ನು ಅಡ್ಯಾರು ನದಿಯ ಉದ್ದಕ್ಕೂ ಕರೆದುಕೊಂಡು ಹೋಗುವುದೆಂದು ಏರ್ಪಾಡಾಗಿತ್ತು. ಮಕ್ಕಳನ್ನು ನೋಡಿಕೊಳ್ಳಲು ಕೆಲವು ಪೋಷಕರೂ ಬರಬೇಕೆಂದು ಕೇಳಿದ್ದರು. ನಾವು ಹೊರಟೆವು. ಬೆಂಗಳೂರಿನಿಂದ ಹಿಂದಿನ ದಿನವೇ ಬಂದಿದ್ದ ನಮ್ಮ ಭಾವಮೈದುನನೂ, "ಭಾವ, ಮನೆಯಲ್ಲಿ ಕೂತು ನಾನೇನು ಮಾಡಲಿ?" ಎಂದು ಜತೆಗೂಡಿದ. ಮನೆಯಾಕೆ ಚಿತ್ರಾನ್ನ, ಮೊಸರನ್ನಗಳನ್ನು ಸ್ಟೀಲಿನ ಡಬ್ಬಗಳಲ್ಲಿ ತುಂಬಿ, ಹಳದಿ ಬಟ್ಟೆಯ ಚೀಲದಲ್ಲಿಟ್ಟು ಕೊಟ್ಟಳು. ತಮಿಳುನಾಡಿನಲ್ಲಿ ೨೦೧೯ರ ಜನವರಿ ೧ರಿಂದ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳಲ್ಲಿ ಹಲವಕ್ಕೆ ನಿಷೇಧವಿದೆ. ೨೦೨೧ರಿಂದ ಈ ಹಳದಿ ಚೀಲವನ್ನು, 'ಮಂಜಪ್ಪೈ' ಎಂದು ಕರೆದು, ಸರಕಾರವೇ ಮರಳಿ ಬಳಕೆಗೆ ತರುತ್ತಿದೆ. ನಮ್ಮ ಅಜ್ಜಂದಿರು ಮದುವೆಮನೆಯಿಂದ ತರುತ್ತಿದ್ದ ಕೈಚೀಲವೇ ಇದು.

ಬಸ್ಸು ಮೊದಲು ನೈರುತ್ಯಕ್ಕೆ, ಆದನೂರಿನ ಕಡೆಗೆ ಹೋಯಿತು. ಅಡ್ಯಾರು ಎಂದರೆ ಚೆನ್ನೈನ ನಡುವೆ, ದೊಡ್ಡ ದೊಡ್ಡ ಬಂಗಲೆಗಳ ಹಿಂದೆ ಹರಿಯುವ ನದಿ ಎಂದೇ ನಾವು ತಿಳಿದಿದ್ದೆವು. ಅದು ಹುಟ್ಟುವುದು ನಮ್ಮ ತಾಂಬರದ ಆಚೆ, ಆದನೂರು, ಮಣಿಮಂಗಲಗಳ ಕಡೆಯ ಕೆರೆಗಳ ಕೋಡಿಯ ನೀರಿನಿಂದ. ಮುಡಿಚೂರು, ವರದರಾಜಪುರಗಳನ್ನು ಬಳಸಿ, ತಿರುನೀರ್‌ಮಲೈಯ ಹತ್ತಿರ ಚೆಂಬರಂಬಾಕಂ ಕೆರೆಯ ಹೆಚ್ಚಿನ ನೀರನ್ನು ಕೂಡಿಸಿಕೊಂಡು, ಒಟ್ಟು ಸುಮಾರು ೪೨ ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ತಾಂಬರಂ ಒಂದು ಮಾಡಿನ ಹಾಗೆ: ರೈಲು ಹಳಿಯ ಪಶ್ಚಿಮಕ್ಕೆ ಬಿದ್ದ ನೀರು ಬಹುಮಟ್ಟಿಗೆ ಅಡ್ಯಾರಿಗೆ ಇಳಿಯುತ್ತದೆ, ಪೂರ್ವಕ್ಕೆ ಬಿದ್ದದ್ದು ಸೆಂಬಾಕಂ ಮೊದಲಾದ ಕೆರೆಗಳನ್ನು ದಾಟಿ ಪಳ್ಳಿಕರಣೈ ಜೌಗಿಗೆ ಹೋಗುತ್ತದೆ. ಯಾವ ಕಡೆ ಜಾರಿದರೂ ಕೊನೆಗೆ ಸಮುದ್ರವೇ.

ಆದನೂರು ಕೆರೆಯ ಏರಿಯ ಮೇಲೆ ಮಕ್ಕಳು ಇಳಿದರು. ನೀರು ತಗ್ಗಿತ್ತು, ಆದರೂ ಬೆಳ್ಳಕ್ಕಿಗಳಿದ್ದುವು. ವಿಜ್ಞಾನದ ಉಪಾಧ್ಯಾಯಿನಿ ಕೈಗೆ ರಬ್ಬರಿನ ಗವಸು ತೊಟ್ಟು, ಗಾಜಿನ ಸೀಸೆಯೊಂದನ್ನು ಗುಳ್ಳೆ ಸೇರದಂತೆ ನೀರೊಳಗೆ ಮುಳುಗಿಸಿ ತುಂಬಿದರು. ಅದಕ್ಕೆ ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್ ದ್ರಾವಣವನ್ನೂ ಸ್ವಲ್ಪ ಸ್ವಲ್ಪ ಬಿಟ್ಟು, ಬಿರಡೆ ಹಾಕಿ, ತಲೆಕೆಳಗು ಮಾಡಿ ಅಲುಗಿಸಿದರು. ಸೀಸೆಯೊಳಗೆ ಕಾಫಿಯ ಗಸಿಯಂಥ ಕಂದು ಬಣ್ಣದ ಮೋಡವೆದ್ದಿತು. "ನೀರಿನಲ್ಲಿ ಕರಗಿದ ಆಮ್ಲಜನಕವಿದ್ದರೆ ಹೀಗೆ ಕಂದಾಗುತ್ತದೆ. ಮೀನು ಉಸಿರಾಡುವುದು ಇದನ್ನೇ. ಈ ಬಣ್ಣವನ್ನು ನೆನಪಿಟ್ಟುಕೊಳ್ಳಿ" ಎಂದರು.

ಹಿಂದಿರುಗುವಾಗ ಮುಡಿಚೂರಿನ ಸೇತುವೆಯ ಬಳಿ ಬಸ್ಸು ನಿಧಾನವಾಯಿತು. ಅಲ್ಲಿ ನದಿ ಒಂದು ಕಾಲುವೆಯಷ್ಟೇ ಅಗಲ. ಇದೇ ನದಿಯೇ ೨೦೧೫ರ ಡಿಸೆಂಬರಿನಲ್ಲಿ ಉಕ್ಕಿದ್ದು! ಅಂದು ೨೪ ಗಂಟೆಗಳಲ್ಲಿ ತಾಂಬರದಲ್ಲಿ ೪೯ ಸೆಂಟಿಮೀಟರು ಮಳೆ ಸುರಿಯಿತು. ಮೊದಲ ಮಹಡಿಯ ನಮ್ಮ ಮನೆಗೆ ಕೆಳಗಿನ ಮನೆಯವರು ಹಾಸಿಗೆ, ಅಕ್ಕಿ, ದೇವರ ಪಟಗಳನ್ನು ಹೊತ್ತುಕೊಂಡು ಬಂದರು. ನೀರಿಳಿದ ಮೇಲೆ ಅವರ ಅಡಿಗೆಮನೆಯಲ್ಲಿ ಒಂದು ಗೇಣು ಕರಿಯ ಕೆಸರು. ಅದು ಬರಿಯ ಮಣ್ಣಲ್ಲವೆಂದು ಮೂಗು ಹೇಳುತ್ತಿತ್ತು. ಆಗ ನಾವೆಲ್ಲ ನದಿಯನ್ನು ಬೈದೆವು. ನಾವು ಕೊಟ್ಟದ್ದನ್ನೇ ಅದು ತಂದುಕೊಟ್ಟಿತ್ತೆಂದು ಈಗ ತೋರುತ್ತದೆ.

ಅಲ್ಲಿಂದ ಪಟ್ಟಣದ ಕಡೆಗೆ. ವಿಮಾನ ನಿಲ್ದಾಣದ ಹತ್ತಿರ ಒಂದು ಓಡುಹಾದಿಯೇ ಸೇತುವೆಯಾಗಿ ನದಿಯ ಮೇಲೆ ಹಾದುಹೋಗಿದೆ. ಮುಂದೆ ಸೈದಾಪೇಟೆ. ಇಲ್ಲಿ ೧೭೨೬ರಲ್ಲಿ ಕೋಜಾ ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯದ ವರ್ತಕನೊಬ್ಬ ಸ್ವಂತ ಹಣದಿಂದ ಸೇತುವೆ ಕಟ್ಟಿಸಿದ್ದ. ಆ ಸೇತುವೆ ಈಗಿಲ್ಲ, ಅದರ ಶಿಲಾಶಾಸನ ಮಾತ್ರ ಉಳಿದಿದೆ. ಹೊಳೆ ದಾಟುವವರ ಕಷ್ಟ ನೋಡಲಾರದೆ ಕೈಯಿಂದ ಹಣ ಹಾಕಿದವನ ನೆನಪಿಗೆ ನಮಸ್ಕರಿಸಿ ಕೆಳಗೆ ನೋಡಿದರೆ, ನೀರು ಕಪ್ಪಗೆ ನಿಂತಿತ್ತು. ಕೊಳೆತ ಮೊಟ್ಟೆಯ ವಾಸನೆ. ಭಾವಮೈದುನ ಕರವಸ್ತ್ರವನ್ನು ಮೂಗಿಗೆ ಹಿಡಿದು, "ಇದೇನು ಭಾವ, ನಿಮ್ಮ ಊರಿನ ಹೊಳೆ ಹೀಗೆ!" ಎಂದ.

ಉಪಾಧ್ಯಾಯಿನಿ ಹಗ್ಗ ಕಟ್ಟಿದ ಪಾತ್ರೆಯನ್ನು ಕೆಳಗಿಳಿಸಿ ನೀರು ತೆಗೆಸಿದರು. ಅದೇ ಎರಡು ದ್ರಾವಣ, ಅದೇ ಅಳತೆ. ಮಕ್ಕಳು ಕಂದು ಮೋಡಕ್ಕಾಗಿ ಕಾದರು. ಎದ್ದದ್ದು ಬಿಳಿಯ ಮೋಡ, ಮಜ್ಜಿಗೆಯ ಹಾಗೆ. ಯಾರೂ ಮಾತಾಡಲಿಲ್ಲ. "ಇದರಲ್ಲಿ ಉಸಿರಿಲ್ಲ" ಎಂದು ಪುಟ್ಟಿಯ ಗೆಳತಿಯೊಬ್ಬಳು ತಮಿಳಿನಲ್ಲಿ ಮೆಲ್ಲಗೆ ಹೇಳಿದಳು.

ಹಾಗೇಕಾಗುತ್ತದೆಂಬುದನ್ನು ಉಪಾಧ್ಯಾಯಿನಿ ದೋಸೆಹಿಟ್ಟಿನ ಉದಾಹರಣೆ ಕೊಟ್ಟು ವಿವರಿಸಿದರು. ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಉಂಡು ಬೆಳೆಯುವ ಹಾಗೆಯೇ ಹೊಳೆಯ ನೀರಿನಲ್ಲಿಯೂ ಉಂಟು. ಮಲ, ಮೂತ್ರ, ಅಡಿಗೆಮನೆಯ ಗಂಜಿ, ಎಣ್ಣೆ ಇವೆಲ್ಲ ಅವಕ್ಕೆ ಹಬ್ಬದೂಟ. ಉಣ್ಣುವಾಗ ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ನಮ್ಮ ಸೆಕೆಯ ಊರುಗಳ ಶುದ್ಧವಾದ ನೀರಿನಲ್ಲೂ ಲೀಟರಿಗೆ ಏಳೆಂಟು ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕ ಹಿಡಿಸುವುದಿಲ್ಲ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕೊನೆಯ ಪಕ್ಷ ೫ ಮಿಲಿಗ್ರಾಮಾದರೂ ಇರಬೇಕೆಂದು ನಮ್ಮ ದೇಶದ ನಿಯಮ. ಊಟ ಹೆಚ್ಚಾಗಿ ಉಣ್ಣುವವರು ಬೆಳೆದಷ್ಟೂ ಅದು ಮುಗಿಯುತ್ತ ಬರುತ್ತದೆ. ಪೂರ್ತಿ ಮುಗಿದ ಮೇಲೆ ಬೇರೆ ಜಾತಿಯ ಜೀವಾಣುಗಳು ಕೆಲಸಕ್ಕೆ ತೊಡಗುತ್ತವೆ. ಮೊಟ್ಟೆಯ ವಾಸನೆ ಬರಿಸುವವು ಅವೇ. ಮೊದಲ ಜೋರು ಮಳೆಗೆ ತಳದ ಈ ಕೊಳೆಯೆಲ್ಲ ಕದಡಿ ಒಮ್ಮೆಲೇ ಅಳಿವೆಗೆ ನುಗ್ಗಿದಾಗ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲುತ್ತವೆ. ಅವಕ್ಕೆ ಯಾರೂ ವಿಷವಿಕ್ಕಿರುವುದಿಲ್ಲ, ಉಸಿರುಕಟ್ಟಿ ಸಾಯುತ್ತವೆ.

ಆಮೇಲೆ ಆಕೆ ನಮ್ಮ ಭಾವಮೈದುನನ ಕಡೆ ತಿರುಗಿ, ಬೆಂಗಳೂರಿನಲ್ಲಿ ತಮ್ಮ ಮನೆ ಯಾವ ಕಡೆ ಎಂದು ವಿನಯವಾಗಿಯೇ ಕೇಳಿದರು. "ವರ್ತೂರಿನ ಹತ್ತಿರ" ಎಂದ. "ನನ್ನ ತಾಯಿಯ ಮನೆ ಹೊಸೂರು" ಎಂದರು ಆಕೆ. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ ಗಡಿ ದಾಟಿ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಅಲ್ಲಿ ಆನೆಯೆತ್ತರ ನೊರೆಯೆದ್ದದ್ದನ್ನು ಆಕೆ ಕಂಡಿದ್ದರಂತೆ. ಅದೇ ನದಿ ತಮಿಳಿನಲ್ಲಿ ತೆನ್‌ಪೆಣ್ಣೈ ಎನ್ನಿಸಿಕೊಂಡು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ೨೦೧೫ರಲ್ಲಿ ಬೆಂಗಳೂರಿನ ಬೀದಿಗೆ ನೊರೆ ಹಾರಿದ್ದೂ ೨೦೧೭ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದೂ ನಮ್ಮ ಓದುಗರು ಮರೆತಿರಲಾರರು. ಭಾವಮೈದುನ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ. ನಾವೂ ಗೆದ್ದವರಂತೆ ನಗುವ ಹಾಗಿರಲಿಲ್ಲ. ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ. ಆ ಕಾವೇರಿಯ ನೀರು ವೀರಾಣಂ ಕೆರೆಯ ಮೂಲಕ ೨೦೦೪ರಿಂದ ಚೆನ್ನೈಗೆ ಕುಡಿಯಲು ಬರುತ್ತಿದೆ. ಎರಡೂ ಊರಿನ ಅನ್ನ ಉಂಡ ನಮ್ಮಂಥವರಿಗೆ 'ನಿಮ್ಮ ಹೊಳೆ, ನಮ್ಮ ಹೊಳೆ' ಎಂಬ ಮಾತು ಬಾಯಲ್ಲಿ ನಿಲ್ಲುವುದಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಅಳಿವೆಗೆ ಹೋದೆವು. ದಕ್ಷಿಣದ ದಂಡೆಯಲ್ಲಿ ಥಿಯಸಾಫಿಕಲ್ ಸೊಸೈಟಿಯ ತೋಪು, ಆಚೆ ಊರೂರು–ಆಲ್ಕಾಟ್ ಕುಪ್ಪಂ ಎಂಬ ಬೆಸ್ತರ ಹಳ್ಳಿ, ಅದರ ಪಕ್ಕದಲ್ಲಿ ೧೯೭೭ರಲ್ಲಿ ಮುರಿದುಬಿದ್ದು ಹಾಗೆಯೇ ನಿಂತಿರುವ ಸೇತುವೆ. ನದಿಯ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬ. ಬೇಸಗೆಯಲ್ಲಿ ನದಿಗೆ ಬಲವಿಲ್ಲದಾಗ ಅಲೆಗಳು ಮರಳು ತಂದು ಬಾಯಿ ಕಟ್ಟುತ್ತವೆ. ಹಿಂಗಾರು ಮಳೆಯ ಪ್ರವಾಹ ಅದನ್ನು ಒಡೆಯುತ್ತದೆ. ಬಾಯಿ ತೆರೆದಿದ್ದರೆ ಉಬ್ಬರದ ನೀರು ದಿನಕ್ಕೆರಡು ಬಾರಿ ಒಳಬಂದು ಅಳಿವೆಯನ್ನು ತೊಳೆಯುತ್ತದೆ. ಮುಚ್ಚಿದರೆ ಕೊಳೆ ಅಲ್ಲಿಯೇ ನಿಲ್ಲುತ್ತದೆ. ಬಲೆ ಹೆಣೆಯುತ್ತ ಕುಳಿತಿದ್ದ ಮುದುಕರೊಬ್ಬರು, ತಾವು ಹುಡುಗರಾಗಿದ್ದಾಗ ಇಲ್ಲಿ ಕೈಯಿಂದಲೇ ಸೀಗಡಿ ಹಿಡಿಯುತ್ತಿದ್ದೆವೆಂದು ಮಕ್ಕಳಿಗೆ ಹೇಳಿದರು. ಸಮುದ್ರದ ಎಷ್ಟೋ ಜಾತಿಯ ಸೀಗಡಿ, ಏಡಿ, ಮೀನುಗಳಿಗೆ ಅಳಿವೆಯೇ ತೊಟ್ಟಿಲು. ಮರಿಗಳು ಇಲ್ಲಿ ಬೆಳೆದು ಆಮೇಲೆ ಕಡಲಿಗೆ ಹೋಗುತ್ತವೆ. ಇಲ್ಲಿಯ ನೀರಿಗೆ ನಮ್ಮ ಸೀಸೆ ತಿಳಿಯಾದ ಕಂದು ಬಣ್ಣ ತೋರಿತು.

ಕೊಳಚೆಯ ಕಥೆ ಅಳಿವೆಯಲ್ಲೇ ಮುಗಿಯುವುದಿಲ್ಲ. ಅದರಲ್ಲಿರುವ ಸಾರಜನಕ, ರಂಜಕಗಳು ಗದ್ದೆಗೆ ಗೊಬ್ಬರವಾಗುವಂತೆ ಕಡಲಿನ ಸೂಕ್ಷ್ಮಜೀವಿಗಳಿಗೂ ಗೊಬ್ಬರ. ೨೦೧೯ರ ಆಗಸ್ಟ್ ೧೮ರ ರಾತ್ರಿ ಬೆಸೆಂಟ್ ನಗರ, ತಿರುವಾನ್ಮಿಯೂರುಗಳ ಅಲೆಗಳು ನೀಲಿಯ ಬೆಳಕಿನಿಂದ ಮಿನುಗಿದುವು. ಜನ ತಂಡತಂಡವಾಗಿ ಹೋಗಿ ನೋಡಿದರು. ನಾವು ನಿದ್ದೆ ಮಾಡಿದೆವಲ್ಲಾ ಎಂದು ವಾರವೆಲ್ಲ ಕೊರಗಿದ್ದೆವು. ಆ ಬೆಳಕು ನಾಕ್ಟಿಲೂಕ ಎಂಬ ಜೀವಿಯದು. ಗೊಬ್ಬರ ಹೆಚ್ಚಾಗಿ ಆಮ್ಲಜನಕ ಕಡಮೆಯಾದ ನೀರಿನಲ್ಲಿಯೂ ಅದು ಸೊಂಪಾಗಿ ಬೆಳೆಯುವುದರಿಂದ, ಕಡಲಿನ ತಜ್ಞರು ಆ ದೀಪಾವಳಿಯನ್ನು ಕಂಡು ಹಿಗ್ಗಲಿಲ್ಲ, ಎಚ್ಚರಿಸಿದರು.

ಸಂಜೆ ಬೆಸೆಂಟ್ ನಗರದ ಮರಳಿನ ಮೇಲಿರುವ ಆಮೆಮೊಟ್ಟೆಯ ಕಾವುತಾಣಕ್ಕೆ ಬಂದೆವು. ಇದನ್ನು ನಡೆಸುವವರೂ ವಿದ್ಯಾರ್ಥಿಗಳೇ. ೧೯೮೮ರಲ್ಲಿ ಇಲ್ಲಿಯ ಕಾಲೇಜು ಹುಡುಗರು ಕಡಲಾಮೆಗಳನ್ನು ಉಳಿಸಲು ಒಂದು ಸಂಘ ಕಟ್ಟಿಕೊಂಡರು. ಅಂದಿನಿಂದ ಪ್ರತಿವರ್ಷ ಜನವರಿಯಿಂದ ಮೊದಲ್ಗೊಂಡು ರಾತ್ರಿಯೆಲ್ಲ ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ ಸುಮಾರು ೭ ಕಿಲೋಮೀಟರು ನಡೆದು, ಆಲಿವ್ ರಿಡ್ಲಿ ಜಾತಿಯ ಆಮೆಗಳು ಇಟ್ಟ ಮೊಟ್ಟೆಗಳನ್ನು ನಾಯಿಗಳ ಬಾಯಿಂದ ಉಳಿಸಿ ಇಲ್ಲಿಗೆ ತಂದು ಹೂಳುತ್ತಾರೆ. ಒಂದು ಗೂಡಿನಲ್ಲಿ ನೂರಕ್ಕೂ ಮೇಲ್ಪಟ್ಟು ಮೊಟ್ಟೆ. ಮರಿಯಾಗಲು ೪೫ರಿಂದ ೬೦ ದಿನ. ಹೊನ್ನಾವರ, ಕುಂದಾಪುರಗಳ ಕಡೆ ನಮ್ಮ ಕಡಲ ದಂಡೆಗೂ ಇದೇ ಜಾತಿಯ ಆಮೆ ಬರುತ್ತದೆ.

೨೦೨೫ರ ಜನವರಿಯಲ್ಲಿ ಈ ತೀರದಲ್ಲಿ ನೂರಾರು ಆಮೆಗಳು ಸತ್ತು ಬಿದ್ದದ್ದನ್ನು ಮಕ್ಕಳು ಕೇಳಿದ್ದರು. "ಪ್ಲಾಸ್ಟಿಕ್ ತಿಂದು ಸತ್ತುವಲ್ಲವೆ?" ಎಂದು ಒಬ್ಬ ಹುಡುಗ ಕೇಳಿದ. ಅಲ್ಲಿದ್ದ ಕಾಲೇಜು ತರುಣ ಹಾಗೆ ಸುಲಭವಾಗಿ ತಲೆಯಾಡಿಸಲಿಲ್ಲ. ಆಮೆ ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಯಂತ್ರದ ದೋಣಿಗಳು ಎಳೆಯುವ ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾರದೆ ಮುಳುಗಿ ಸತ್ತದ್ದೇ ಆ ಸಾವುಗಳಿಗೆ ಮುಖ್ಯ ಕಾರಣವೆಂದ. ಪ್ಲಾಸ್ಟಿಕ್ಕಿನ ಕೇಡು ಬೇರೆ ತರಹದ್ದು, ಅದರ ಲೆಕ್ಕ ದಂಡೆಯ ಮೇಲೆ ಕಾಣುವುದಿಲ್ಲ. ತೇಲುವ ಚೀಲ ಅಂಬಲಿಮೀನಿನಂತೆ ಕಾಣುತ್ತದೆ. ಕೆಲವು ದಿನ ಕಡಲಿನಲ್ಲಿದ್ದ ಪ್ಲಾಸ್ಟಿಕ್ಕಿಗೆ ಪಾಚಿ ಹತ್ತಿ ಆಹಾರದ ವಾಸನೆಯೇ ಬರುತ್ತದೆ. ನುಂಗಿದ ಆಮೆಗೆ ಹೊಟ್ಟೆ ತುಂಬಿದಂತಾಗುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಒಂದು ತಪ್ಪನ್ನು ಇನ್ನೊಂದರ ತಲೆಗೆ ಕಟ್ಟದೆ, ಯಾವುದು ಯಾರದೆಂದು ಬಿಡಿಸಿ ಹೇಳಿದ ಆ ತರುಣನ ಮಾತು ನಮಗೆ ಹಿಡಿಸಿತು. ಅದೇ ಕ್ಷಣದಲ್ಲಿ ನಮ್ಮ ಪಾಲಿನದೂ ನೆನಪಾಯಿತು.

ಹೊತ್ತು ಮುಳುಗುವಾಗ ಬುಟ್ಟಿಯಿಂದ ಮರಿಗಳನ್ನು ಮರಳಿನ ಮೇಲೆ ಬಿಟ್ಟರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಪ್ಪು ಜೀವಗಳು. ಊರಿನ ದೀಪಗಳತ್ತ ತಿರುಗದಂತೆ ತರುಣರು ಕೈದೀಪ ಹಿಡಿದು ನೀರಿನ ಕಡೆ ದಾರಿ ತೋರಿಸಿದರು. ಸಾವಿರಕ್ಕೊಂದು ದೊಡ್ಡದಾಗುವುದೂ ಕಷ್ಟವಂತೆ. ಆದರೂ ಪ್ರತಿಯೊಂದೂ ತಾನೇ ಆ ಒಂದೆಂಬಂತೆ ತೆವಳುತ್ತಿತ್ತು. ಒಂದು ಮರಿ ಬಿಸ್ಕತ್ತಿನ ಹಾಳೆಯೊಂದಕ್ಕೆ ಸಿಕ್ಕಿ ತಡವರಿಸಿತು. ಪುಟ್ಟಿ ಬಗ್ಗಿ ಹಾಳೆಯನ್ನು ತೆಗೆದು ಹಳದಿ ಚೀಲಕ್ಕೆ ಹಾಕಿಕೊಂಡಳು. ಮರಿ ಅಲೆಗೆ ಸೇರಿತು. ನಾವು ಕಚೇರಿಯಲ್ಲಿ ಮುಂದಿನ ಮೇಜಿಗೆ ತಳ್ಳುತ್ತೇವೆ. ಅದರ ಮುಂದೆ ಇನ್ನೊಂದು ಮೇಜು. ಸಮುದ್ರದ ಮುಂದೆ ಮೇಜಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಮಗಳಿಗೆ ನಿಜ ಹೇಳಿದೆವು. ಲಾರಿ ಎಲ್ಲಿ ಸುರಿಯಿತೆಂದೂ, ನೋಡಿಯೂ ಸುಮ್ಮನಿದ್ದೆವೆಂದೂ. ಅವಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆಗೆ ಬಂದವಳೇ ಹಾಳೆಯನ್ನು ತೆಗೆದು 'ಗೊತ್ತಿಲ್ಲ' ಎಂಬುದನ್ನು ರಬ್ಬರಿನಿಂದ ಅಳಿಸಿ, ಬಾಣವನ್ನು ಕಾಲುವೆಗೂ, ಕಾಲುವೆಯಿಂದ ಅಡ್ಯಾರಿಗೂ, ಅಡ್ಯಾರಿನಿಂದ ಸಮುದ್ರಕ್ಕೂ ಎಳೆದಳು. ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲಿನಲ್ಲಿ ತೊಟ್ಟಿ ಮತ್ತೆ ತುಂಬಿತು. ನಾಲ್ಕು ಮನೆಗೆ ಒಂದೇ ತೊಟ್ಟಿ. ಖರ್ಚೂ ನಾಲ್ಕು ಪಾಲು. ಇಂಥ ಲಾರಿಗೆ ಪರವಾನಗಿ ಇರಬೇಕು, ತುಂಬಿಕೊಂಡದ್ದನ್ನು ಶುದ್ಧೀಕರಣ ಕೇಂದ್ರದಲ್ಲಿಯೇ ಸುರಿಯಬೇಕು ಎಂಬುದು ನಿಯಮ. ಹಾಗೆ ಮಾಡುವವರನ್ನು ಹುಡುಕಿದೆವು. ದೂರ ಹೋಗಬೇಕು, ಸರದಿಯಲ್ಲಿ ಕಾಯಬೇಕು ಎಂದು ಅವರು ನಾನೂರು ರೂಪಾಯಿ ಹೆಚ್ಚು ಕೇಳಿದರು. ಇಬ್ಬರು ಒಪ್ಪಿದರು. ಮೂರನೆಯವರು, "ಸಾರ್, ಎಲ್ಲಿ ಸುರಿದರೆ ನಮಗೇನು?" ಎಂದರು. ಎರಡು ವರ್ಷ ನಾವೂ ಅದೇ ಮಾತಿನಂತೆ ನಡೆದವರು. ಅವರಿಗೆ ಬುದ್ಧಿ ಹೇಳುವ ಬಾಯಿ ನಮಗಿರಲಿಲ್ಲ. ಅವರ ಪಾಲಿನ ಹೆಚ್ಚಿನ ನೂರು ರೂಪಾಯಿಯನ್ನು ನಾವೇ ಹಾಕಿದೆವು.

ಲಾರಿ ಹೊರಟಿತು. ಪುಟ್ಟಿ ನಮ್ಮ ಮುಖ ನೋಡಿದಳು. ನಾವು ಸ್ಕೂಟರಿನ ಬೀಗದ ಕೈ ತೆಗೆದುಕೊಂಡೆವು. ಬಿ.ಎ. ಓದಿ, ಪರೀಕ್ಷೆ ಬರೆದು, ಸರಕಾರಿ ಕೆಲಸ ಸಂಪಾದಿಸಿದ ನಾವು ಹಾಡುಹಗಲಿನಲ್ಲಿ ಪಾಯಖಾನೆಯ ಲಾರಿಯೊಂದನ್ನು ಹಿಂಬಾಲಿಸುತ್ತ ಹೆದ್ದಾರಿಯಲ್ಲಿ ಹೋಗುವುದನ್ನು ಸಹೋದ್ಯೋಗಿಗಳು ಯಾರೂ ನೋಡದಿರಲೆಂದು ಬೇಡಿಕೊಂಡೆವು. ಲಾರಿ ಎಲ್ಲಿಯೂ ತಿರುಗಲಿಲ್ಲ. ಕೇಂದ್ರದ ಬಾಗಿಲಲ್ಲಿ ಇನ್ನಾರು ಲಾರಿಗಳ ಹಿಂದೆ ನಿಂತಿತು. ಚಾಲಕ ಇಳಿದು ಬಂದು, "ಏನು ಸಾರ್, ನಂಬಿಕೆ ಇಲ್ಲವೆ?" ಎಂದು ನಕ್ಕ.

"ನಮ್ಮ ಮೇಲೆಯೇ ಇರಲಿಲ್ಲಪ್ಪ" ಎಂದೆವು.

ಪುಟ್ಟಿ ಚೀಲದಿಂದ ಹಾಳೆಯನ್ನು ತೆಗೆದು, ಸ್ಕೂಟರಿನ ಸೀಟಿನ ಮೇಲಿಟ್ಟುಕೊಂಡು, ಲಾರಿಯ ಮುಂದಿನ ಬಾಣವನ್ನು ಮತ್ತೊಮ್ಮೆ ತಿದ್ದತೊಡಗಿದಳು.